ಇಯರ್‌ಫೋನ್‌ನಲ್ಲಿ ಬೇಸ್ ಕೇಳಿಸುವುದಿಲ್ಲ, ಕಿವಿಯೂ ನೋಯುತ್ತದೆ: ನಿಮ್ಮ ಅನುಭವ ತಿಳಿಸಿ

ಕೆಂಗೇರಿಯಿಂದ, ಪ್ರಶ್ನೆ:
ದಿನವೂ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಮೆಟ್ರೊದಲ್ಲಿ ಹೋಗಿಬರುತ್ತೇನೆ. ಎರಡೂ ಕಡೆ ಸೇರಿ ಸುಮಾರು ಎರಡೂವರೆ ಗಂಟೆ ಹಾಡು ಕೇಳುವುದೇ ನನ್ನ ವಿಶ್ರಾಂತಿ. ಹೆಚ್ಚಾಗಿ ಕರ್ನಾಟಕ ಸಂಗೀತದ ಕಚೇರಿಗಳು, ನಡುನಡುವೆ ಸಿನಿಮಾ ಹಾಡುಗಳು. ಮೊದಲು 900 ರೂಪಾಯಿಯ ಇಯರ್‌ಫೋನ್ ಇತ್ತು. ಆಮೇಲೆ ಡಬ್ಬಿಯ ಮೇಲೆ ಬೇಸ್ (ತಗ್ಗಿನ, ಆಳದ ಸ್ವರಗಳು) ಎಂದು ದಪ್ಪಕ್ಷರದಲ್ಲಿ ಬರೆದಿದ್ದ 2,500 ರೂಪಾಯಿಯ ತಂತಿಯ ಇಯರ್‌ಫೋನ್ ಕೊಂಡೆ. ಎರಡರಲ್ಲೂ ಧ್ವನಿ ತೆಳು. ಅದೇ ಮಾದರಿ ನನ್ನ ಗೆಳೆಯನ ಬಳಿಯೂ ಇದೆ, ಅವನಿಗೆ ಬೇಸ್ ಚೆನ್ನಾಗಿ ಕೇಳಿಸುತ್ತದಂತೆ. ಇದರ ಮೇಲೆ, ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಬಲಗಿವಿ ನೋಯಲು ಶುರುವಾಗುತ್ತದೆ. ಈಗ 3,000 ರೂಪಾಯಿ ಕೂಡಿಸಿಟ್ಟಿದ್ದೇನೆ. ಯಾವುದನ್ನು ಕೊಳ್ಳಲಿ?

ಮೈಸೂರಿನಿಂದ:
ಹೊಸದನ್ನು ಕೊಳ್ಳುವ ಮೊದಲು ಎರಡು ದಿನ ತಡೆಯಿರಿ. ಒಂದೇ ಮಾದರಿ ನಿಮ್ಮ ಗೆಳೆಯರಿಗೆ ತುಂಬಿ ಕೇಳಿಸಿ ನಿಮಗೆ ತೆಳುವಾಗಿ ಕೇಳಿಸುತ್ತಿದೆಯೆಂದರೆ, ಮೊದಲು ನೋಡಬೇಕಾದದ್ದು ಅದು ನಿಮ್ಮ ಕಿವಿಯಲ್ಲಿ ಕೂರುವ ರೀತಿಯನ್ನು. ಈಗಲೇ ಒಂದು ಪರೀಕ್ಷೆ ಮಾಡಿ. ಹಾಡು ಹಾಕಿಕೊಂಡು ಎರಡೂ ಇಯರ್‌ಫೋನ್‌ಗಳ ಅಂಚನ್ನು ಹಿಡಿದು ಮೆಲ್ಲಗೆ ಒಳಕ್ಕೆ ಒತ್ತಿರಿ. ಇಯರ್‌ಫೋನಿನ ಮೈಮೇಲಿನ ಚಿಕ್ಕ ರಂಧ್ರವನ್ನು ಬೆರಳಿನಿಂದ ಮುಚ್ಚಬೇಡಿ, ಅದು ಮುಚ್ಚಿದರೂ ಬೇಸ್ ಬದಲಾಗುತ್ತದೆ. ಒತ್ತಿದಾಗ ಬೇಸ್ ತುಂಬಿಕೊಂಡು, ಕೈಬಿಟ್ಟೊಡನೆ ಇಳಿದುಹೋದರೆ ಗಾಳಿ ಸೋರುತ್ತಿದೆ ಎಂದೇ ಅರ್ಥ.

ನಾನು ಮೃದಂಗ ನುಡಿಸುವವನು. ಎಡಮುಖಕ್ಕೆ ರವೆ ಕಲಸಿ ಹಚ್ಚಿಕೊಂಡು ಕುಳಿತುಕೊಳ್ಳುತ್ತೇವೆ. ಆ ರವೆ ಒಣಗುತ್ತ ಬಂದರೆ ಎಡದ ಆಳ ಹೋಗಿ ಬರೀ ತೊಗಲಿನ ಸದ್ದು ಉಳಿಯುತ್ತದೆ. ಇಯರ್‌ಫೋನ್ ಸರಿಯಾಗಿ ಕೂರದೆ ಇದ್ದಾಗ ಧ್ವನಿಮುದ್ರಿಕೆಯಲ್ಲಿ ನನಗೆ ಕೇಳಿಸಿದ್ದೂ ಅದೇ. ಬಲದ ಚಾಪು ಚುರುಕಾಗಿ ಬರುತ್ತಿತ್ತು, ಎಡದ ಗುಮಕಿಯ, ಅಂದರೆ ಅಂಗೈ ಒತ್ತಿ ಎಬ್ಬಿಸುವ ಆಳದ ನಾದದ, ಸುಳಿವೇ ಇರಲಿಲ್ಲ. ಇದಕ್ಕೆ ಕಾರಣವಿದೆ. ಒಳಗಿನ ಧ್ವನಿಪೊರೆ ಹತ್ತು ಮಿಲಿಮೀಟರ್ ಆಸುಪಾಸಿನದು. ಬಯಲಿನಲ್ಲಿಟ್ಟರೆ ಅಷ್ಟು ಚಿಕ್ಕ ಪೊರೆಯಿಂದ ಬೇಸ್ ಹುಟ್ಟುವುದೇ ಇಲ್ಲ. ಕಿವಿಯ ನಾಳವನ್ನು ಮುಚ್ಚಿ, ಅಲ್ಲಿ ಸಿಕ್ಕಿಕೊಂಡ ಚಿಟಿಕೆಯಷ್ಟು ಗಾಳಿಯನ್ನು ಒತ್ತಿ ಸೆಳೆಯುವುದರಿಂದಲೇ ಅದಕ್ಕೆ ಆ ಬಲ. ಕೂದಲೆಳೆಯಷ್ಟು ಸಂದಿಯಿದ್ದರೂ ನಿಧಾನವಾಗಿ ಏರಿಳಿಯುವ ಬೇಸ್‌ನ ಒತ್ತಡ ಹೊರಗೆ ಸೋರುತ್ತದೆ. ವೇಗವಾಗಿ ಕಂಪಿಸುವ ಮೇಲಿನ ಸ್ವರಗಳಿಗೆ ಸೋರಲು ಪುರುಸೊತ್ತಿಲ್ಲ. ಹಾಗಾಗಿ ಅವು ಉಳಿಯುತ್ತವೆ, ಬೇಸ್ ಹೋಗುತ್ತದೆ.

ಡಬ್ಬಿಯೊಳಗೆ ಮೂರು ಅಳತೆಯ ಟಿಪ್‌ಗಳು, ಅಂದರೆ ಕಿವಿಯೊಳಗೆ ಕೂರುವ ಸಿಲಿಕೋನ್‌ನ ಮೆತ್ತನೆಯ ತುದಿಗಳು, ಇರುತ್ತವೆ. ನಮ್ಮಲ್ಲಿ ಬಹಳ ಜನ ಮೊದಲೇ ಹಾಕಿ ಬಂದಿರುವ ಮಧ್ಯಮ ಅಳತೆಯನ್ನು ತೆಗೆಯುವುದೇ ಇಲ್ಲ. ಒಂದೊಂದು ಕಿವಿಗೂ ಬೇರೆಬೇರೆಯಾಗಿ ಎಲ್ಲ ಅಳತೆಗಳನ್ನೂ ಹಾಕಿ ನೋಡಿ. ಹಾಕುವಾಗ ಎದುರು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ. ನಾಳ ನೇರವಾಗುತ್ತದೆ, ಟಿಪ್ ತಾನಾಗಿ ಒಳಗೆ ಕೂರುತ್ತದೆ. ಆಮೇಲೆ ಎರಡು ಸಾಲು ಗಟ್ಟಿಯಾಗಿ ಓದಿ. ನಿಮ್ಮ ಧ್ವನಿ ಕೊಡದೊಳಗೆ ಬಾಯಿಟ್ಟು ಮಾತನಾಡಿದ ಹಾಗೆ ನಿಮಗೇ ಕೇಳಿಸಿದರೆ ಕಿವಿ ಚೆನ್ನಾಗಿ ಮುಚ್ಚಿದೆ. ಒಂದು ಕಿವಿಯಲ್ಲಿ ಮಾತ್ರ ಹಾಗೆ ಕೇಳಿಸಿದರೆ ಇನ್ನೊಂದರ ಅಳತೆ ತಪ್ಪಿದೆ.

ಶಿರಸಿಯಿಂದ:
ಬಲಗಿವಿಯ ನೋವಿನ ಬಗ್ಗೆ ಹೇಳುತ್ತೇನೆ. ಹತ್ತು ವರ್ಷ ನಾನೂ ಅನುಭವಿಸಿದ್ದೇನೆ. ನನ್ನ ಕಿವಿಗಳು ಚಿಕ್ಕವು, ಬಲಗಿವಿ ಇನ್ನೂ ಚಿಕ್ಕದು. ನೋವು ಎಲ್ಲಿ ಎನ್ನುವುದನ್ನು ಮೊದಲು ಬೆರಳಿಟ್ಟು ಗುರುತಿಸಿ. ನಾಳದೊಳಗೆ ಉರಿದಂತೆ, ಬಿಗಿದಂತೆ ಆದರೆ ಟಿಪ್ ದೊಡ್ಡದಾಯಿತು. ಹೊರಗಿನ ಬಟ್ಟಲಿನಂಥ ತಗ್ಗಿನಲ್ಲಿ, ಮೂಳೆಗೆ ತಾಗಿದಂತೆ ನೋಯುತ್ತಿದ್ದರೆ ಇಯರ್‌ಫೋನಿನ ಮೈಯೇ ನಿಮಗೆ ದೊಡ್ಡದು, ಅದಕ್ಕೆ ಯಾವ ಟಿಪ್ ಹಾಕಿದರೂ ಪರಿಹಾರವಿಲ್ಲ. ನಾನು ಅಂಥದ್ದೊಂದನ್ನು, ಧ್ವನಿ ಅಷ್ಟು ಚೆನ್ನಾಗಿದ್ದರೂ, ತಮ್ಮನಿಗೆ ಕೊಟ್ಟುಬಿಟ್ಟೆ. ಟಿಪ್ ಸಿಕ್ಕಿಸುವ ಮೂತಿಯ ದಪ್ಪವನ್ನೂ ನೋಡಿ. ಮೂತಿ ದಪ್ಪವಾಗಿದ್ದರೆ ಅತಿ ಚಿಕ್ಕ ಟಿಪ್ ಕೂಡ ಹಿಗ್ಗಿ ಮಧ್ಯಮ ಗಾತ್ರವಾಗುತ್ತದೆ.

ದೊಡ್ಡ ಟಿಪ್ ಹಾಕಿದರೆ ಚೆನ್ನಾಗಿ ಮುಚ್ಚುತ್ತದೆ ಎಂಬ ತಿಳಿವಳಿಕೆಯೂ ತಪ್ಪು. ಅದು ಒಳಗೆ ಮಡಚಿಕೊಂಡು ಸುಕ್ಕಿನ ಸಂದಿಯಲ್ಲಿ ಸೋರುತ್ತದೆ. ಆಗ ನೋವೂ ಇರುತ್ತದೆ, ಬೇಸ್ ಕೂಡ ಬರುವುದಿಲ್ಲ. ನಿಮ್ಮ ಬಲಗಿವಿಯಲ್ಲಿ ಇದೇ ಆಗುತ್ತಿರಬಹುದು. ಫೈನಲ್ ಕಂಪನಿಯ ಇ ಮಾದರಿಯ ಟಿಪ್‌ಗಳು ಐದು ಅಳತೆಗಳಲ್ಲಿ ಬರುತ್ತವೆ, ನನಗೆ ಹೊಂದಿದ್ದು ಅವುಗಳಲ್ಲಿ ಅತಿ ಚಿಕ್ಕದು. ಸ್ಪಿನ್‌ಫಿಟ್ ಟಿಪ್‌ಗಳ ಕುತ್ತಿಗೆ ಸ್ವಲ್ಪ ಬಾಗುತ್ತದೆ, ನಾಳ ಓರೆಯಾಗಿರುವವರಿಗೆ ಅವು ಒಳ್ಳೆಯದು.

ಹುಬ್ಬಳ್ಳಿಯಿಂದ:
ಸಿಲಿಕೋನ್‌ನಲ್ಲಿ ನಾನು ಸೋತೆ, ಸ್ಪಂಜಿನಂಥ ಫೋಮ್ ಟಿಪ್‌ನಲ್ಲಿ ಗೆದ್ದೆ. ಬೆರಳಲ್ಲಿ ಉರುಳಿಸಿ ತೆಳ್ಳಗೆ ಮಾಡಿ ಕಿವಿಯಲ್ಲಿಟ್ಟು ಅರ್ಧ ನಿಮಿಷ ಹಾಗೇ ಹಿಡಿದುಕೊಳ್ಳಬೇಕು. ಮೆಲ್ಲಗೆ ಅರಳಿ ಕಿವಿಯ ಆಕಾರಕ್ಕೇ ಕೂರುತ್ತದೆ. ಒತ್ತಡ ಒಂದೇ ಕಡೆ ಬೀಳುವುದಿಲ್ಲವಾದ್ದರಿಂದ ಮೂರು ಗಂಟೆ ಕೂತರೂ ನನಗೆ ನೋವಿಲ್ಲ. ಸೋನಿ ತನ್ನ 1000ಎಕ್ಸ್‌ಎಂ4 ಇಯರ್‌ಬಡ್ ಜೊತೆ ಡಬ್ಬಿಯಲ್ಲೇ ಇಂಥ ಟಿಪ್ ಕೊಟ್ಟಿತ್ತು, ನನಗೆ ರುಚಿ ಹತ್ತಿದ್ದು ಅಲ್ಲಿಂದಲೇ. ಕೆಲವು ತಿಂಗಳಲ್ಲಿ ಅವು ಹಳತಾಗಿ ಅರಳುವುದನ್ನು ಬಿಡುತ್ತವೆ, ಮತ್ತೆ ಕೊಳ್ಳಬೇಕು. ತಂತಿಯಿಲ್ಲದ ಇಯರ್‌ಬಡ್ ಆದರೆ ಟಿಪ್ ಉದ್ದವಾಗಿ ಚಾರ್ಜಿಂಗ್ ಡಬ್ಬಿಯ ಮುಚ್ಚಳ ಕೂರದೆ ಹೋಗಬಹುದು, ನೋಡಿಕೊಂಡು ಕೊಳ್ಳಿ.

ಮೈಸೂರಿನಿಂದ, ಮತ್ತೆ:
ಹುಬ್ಬಳ್ಳಿಯವರ ಮಾತನ್ನು ಅರ್ಧ ಒಪ್ಪುತ್ತೇನೆ. ಆರಾಮದಲ್ಲಿ ಫೋಮ್‌ಗೆ ಎದುರಿಲ್ಲ. ಆದರೆ ಅದು ಮೇಲಿನ ಸ್ವರಗಳನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಪಿಟೀಲಿನ ಕಮಾನು ತಂತಿಗೆ ತಾಗುವ ಸದ್ದು, ತಂಬೂರಿಯ ಜೀವಾಳದ ಝೇಂಕಾರ ಮಂಕಾಗುತ್ತವೆ. ಕಚೇರಿ ಕೇಳುವವರು ಮೊದಲು ಸಿಲಿಕೋನ್‌ನಲ್ಲೇ ಸರಿಯಾದ ಅಳತೆ ಹುಡುಕಲಿ, ಆಗಲೂ ಆಗದಿದ್ದರೆ ಫೋಮ್.

ಉಡುಪಿಯಿಂದ:
ಎರಡು ಮಾತು, ದಯವಿಟ್ಟು ಗಮನಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಸ್ನಾನವಾದ ಕೂಡಲೇ ಒದ್ದೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವ ಅಭ್ಯಾಸದಿಂದ ನನಗೆ ಕಿವಿಯಲ್ಲಿ ಶಿಲೀಂಧ್ರದ ಸೋಂಕಾಯಿತು. ತುರಿಕೆ, ಆಮೇಲೆ ನೋವು, ಕಿವಿ ಕಟ್ಟಿದಂತೆ. ಮೂರು ವಾರ ಔಷಧಿ ಹಾಕಬೇಕಾಯಿತು. ಇಯರ್‌ಫೋನ್ ತೆಗೆದ ಮೇಲೂ ನಿಮ್ಮ ನೋವು ಉಳಿದರೆ ಅಥವಾ ಕಿವಿ ಸೋರಿದರೆ ಟಿಪ್ ಬದಲಿಸುತ್ತ ಕೂರದೆ ಕಿವಿ ವೈದ್ಯರಿಗೆ ತೋರಿಸಿ. ಸಿಲಿಕೋನ್ ಟಿಪ್‌ಗಳನ್ನು ವಾರಕ್ಕೊಮ್ಮೆ ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಮೂತಿಯ ಜಾಲರಿಯಲ್ಲಿ ಗುಗ್ಗೆ ಕಟ್ಟಿಕೊಂಡರೂ ಒಂದು ಕಡೆಯ ಧ್ವನಿ ಕುಗ್ಗುತ್ತದೆ.

ಎರಡನೆಯದು, ವಾಲ್ಯೂಮ್. ಬೇಸ್ ಸಿಗುತ್ತಿಲ್ಲವೆಂದು ಎಲ್ಲವನ್ನೂ ಏರಿಸಿಕೊಳ್ಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿಕೊಟ್ಟಿರುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮೂರು ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ವಾರಕ್ಕೆ ಐದು ದಿನವೆಂದರೆ ನೀವು ಕೇಳುವುದು ಹನ್ನೆರಡೂವರೆ ಗಂಟೆ. ಲೆಕ್ಕ ನೀವೇ ಹಾಕಿ. ಸಂಜೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ತಡಮಾಡಬೇಡಿ, ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನಾನು ಮಾಡಿಸಿಕೊಂಡೆ.

ಧಾರವಾಡದಿಂದ:
ಧ್ವನಿಮುದ್ರಣ ನನ್ನ ಕೆಲಸ. ಮೆಟ್ರೊ ವಿಷಯವನ್ನು ಯಾರೂ ಹೇಳಲಿಲ್ಲ. ಗಾಲಿಗಳ ಮೊರೆತ, ಹವಾನಿಯಂತ್ರಕದ ಗುಂಯ್‌ಗುಟ್ಟುವಿಕೆ ಇರುವುದೇ ಬೇಸ್‌ನ ಪ್ರದೇಶದಲ್ಲಿ. ಹೊರಗಿನ ಆ ಗದ್ದಲ ನಿಮ್ಮ ಹಾಡಿನ ಬೇಸ್ ಅನ್ನು ಮುಚ್ಚಿಹಾಕುತ್ತದೆ. ಮನೆಯಲ್ಲಿ ರಾತ್ರಿ ಅದೇ ಹಾಡನ್ನು ಕೇಳಿ, ವ್ಯತ್ಯಾಸ ತಿಳಿಯುತ್ತದೆ. ಗದ್ದಲ ತಗ್ಗಿಸುವ ಇಯರ್‌ಬಡ್‌ಗಳು ಚೆನ್ನಾಗಿ ಕೆಲಸ ಮಾಡುವುದೂ ಇಂಥ ತಗ್ಗಿನ, ಏಕನಾದದ ಸದ್ದುಗಳ ಮೇಲೆಯೇ. ಆದರೆ ಅದಕ್ಕೂ ಕಿವಿ ಸರಿಯಾಗಿ ಮುಚ್ಚಿರಬೇಕು. ಆ್ಯಪಲ್‌ನ ಏರ್‌ಪಾಡ್ಸ್ ಪ್ರೊದಲ್ಲಿ ಟಿಪ್ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸುವ ಸೌಲಭ್ಯ ಇಟ್ಟಿರುವುದು ಸುಮ್ಮನೆ ಅಲ್ಲ.

ಡಬ್ಬಿಯ ಮೇಲಿನ 20ರಿಂದ 20,000 ಹರ್ಟ್ಸ್ (ಹೊರಡುವ ಸ್ವರಗಳ ವ್ಯಾಪ್ತಿ) ಎಂಬ ಬರಹವನ್ನು ನೋಡಿ ಕೊಳ್ಳಬೇಡಿ. ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಬೇಸ್ ಬೇಕೆನ್ನುವವರಿಗೆ ಈ ಬೆಲೆಯಲ್ಲಿ ನನ್ನ ಆಯ್ಕೆ ಡೈನಾಮಿಕ್ ಡ್ರೈವರ್, ಅಂದರೆ ಧ್ವನಿವರ್ಧಕದ ಹಾಗೆಯೇ ಸುರುಳಿ ಮತ್ತು ಪೊರೆಯಿಂದ ಆದದ್ದು. ಶ್ರವಣ ಸಾಧನಗಳಿಂದ ಬಂದ ಬ್ಯಾಲೆನ್ಸ್‌ಡ್ ಆರ್ಮೇಚರ್ ಎಂಬ ಇನ್ನೊಂದು ಬಗೆಯ ಡ್ರೈವರ್ ಸೂಕ್ಷ್ಮಗಳನ್ನು ಚೆನ್ನಾಗಿ ಬಿಡಿಸುತ್ತದೆ, ಆದರೆ ಒಂದೇ ಇದ್ದರೆ ಬೇಸ್ ಸಪೂರ. ನಿಜಕ್ಕೂ ಹೊಸದೇ ಬೇಕೆಂದರೆ ಮೂನ್‌ಡ್ರಾಪ್ ಚು 2 ನೋಡಿ. ಹತ್ತು ಮಿಲಿಮೀಟರ್‌ನ ಡೈನಾಮಿಕ್ ಡ್ರೈವರ್, ಚಿಕ್ಕ ಲೋಹದ ಮೈ, ತಂತಿ ಹಾಳಾದರೆ ಬದಲಿಸಬಹುದು. ಅದಕ್ಕೂ ಮೊದಲು ಫೋನಿನ ಈಕ್ವಲೈಸರ್‌ನಲ್ಲಿ (ಸ್ವರಗಳ ಮಟ್ಟವನ್ನು ಬೇರೆಬೇರೆಯಾಗಿ ಏರಿಳಿಸುವ ಸೌಲಭ್ಯ) 60ರಿಂದ 100 ಹರ್ಟ್ಸ್ ಕಡೆ ಮೂರು ನಾಲ್ಕು ಡೆಸಿಬೆಲ್ ಏರಿಸಿ, ಒಟ್ಟು ಮಟ್ಟವನ್ನು ಅಷ್ಟೇ ಇಳಿಸಿ. ಇಳಿಸದಿದ್ದರೆ ಧ್ವನಿ ಒಡೆಯುತ್ತದೆ. ಗಾಳಿ ಸೋರುತ್ತಿರುವಾಗ ಈಕ್ವಲೈಸರ್ ಮುಟ್ಟಬೇಡಿ, ತೂತು ಬಿದ್ದ ಬಿಂದಿಗೆಗೆ ನೀರು ಸೇದಿದ ಹಾಗಾಗುತ್ತದೆ.

ರಾಜಾಜಿನಗರದಿಂದ:
ಎಸ್.ಪಿ. ರಸ್ತೆಯಲ್ಲಾಗಲಿ ಬೇರೆಡೆಯಾಗಲಿ ಅಂಗಡಿಗೆ ಹೋಗಿ ಕೊಳ್ಳುವುದಾದರೆ ನಿಮಗೆ ಹೊಂದುವ ಟಿಪ್ ಜೋಡಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಇನ್ನೊಬ್ಬರ ಕಿವಿಗೆ ಹೋದದ್ದು ಬೇಡವೆಂದು ಹಾಕಿ ನೋಡಲು ಅಂಗಡಿಯವರು ಹಿಂಜರಿಯುತ್ತಾರೆ. ನಿಮ್ಮದೇ ಟಿಪ್ ತೋರಿಸಿದರೆ ಮಾದರಿಯ ಇಯರ್‌ಫೋನ್ ತೆಗೆದುಕೊಡುವುದುಂಟು. ಮನೆಗೆ ತರಿಸಿಕೊಂಡರೆ ಡಬ್ಬಿ ಒಡೆಯುವ ಮೊದಲೇ ಹಿಂತಿರುಗಿಸುವ ನಿಯಮ ಓದಿ.

ಕೆಂಗೇರಿಯಿಂದ, ಹತ್ತು ದಿನಗಳ ನಂತರ:
ಎಲ್ಲರಿಗೂ ವಂದನೆಗಳು. ಮೈಸೂರಿನವರು ಹೇಳಿದಂತೆ ಒತ್ತಿ ನೋಡಿದೆ. ಎಡಗಡೆ ಬೇಸ್ ಉಕ್ಕಿ ಬಂತು, ಬಲಗಡೆ ಒತ್ತಿದರೂ ಅಷ್ಟಾಗಿ ಬರಲಿಲ್ಲ. ಎಡಗಿವಿಗೆ ಮಧ್ಯಮ ಟಿಪ್ ಚಿಕ್ಕದಾಗಿತ್ತು, ಬಲಗಿವಿಗೆ ಅದೇ ಟಿಪ್ ದೊಡ್ಡದಾಗಿ ಮಡಚಿಕೊಳ್ಳುತ್ತಿತ್ತು. ಶಿರಸಿಯವರ ಊಹೆ ಸರಿಯಾಗಿತ್ತು. ಈಗ ಎಡಕ್ಕೆ ದೊಡ್ಡದು, ಬಲಕ್ಕೆ ಚಿಕ್ಕದು. ಡಬ್ಬಿಯಲ್ಲಿದ್ದ ಚಿಕ್ಕ ಟಿಪ್ ಗಡುಸಾಗಿದ್ದರಿಂದ ಮೆತ್ತನೆಯದನ್ನು ಬೇರೆ ತರಿಸಿದೆ. ಹಳೆಯ 2,500ರ ಇಯರ್‌ಫೋನೇ ಇದೆ. ನಿನ್ನೆ ಬೆಳಿಗ್ಗೆ ತನಿ ಆವರ್ತನ, ಅಂದರೆ ಕಚೇರಿಯಲ್ಲಿ ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ಭಾಗ, ಕೇಳುತ್ತಿದ್ದೆ. ಎಡದ ಗುಮಕಿ ಎದೆಯ ಹತ್ತಿರವೇ ಎದ್ದ ಹಾಗೆ ಕೇಳಿಸಿತು. ಇಷ್ಟು ದಿನ ಈ ಕಚೇರಿಯ ಅರ್ಧವನ್ನಷ್ಟೇ ಕೇಳಿದ್ದೆನಲ್ಲ ಎಂದು ಬೇಸರವೂ ಆಯಿತು, ಸಂತೋಷವೂ ಆಯಿತು. ವಾಲ್ಯೂಮ್ ಮೊದಲಿಗಿಂತ ಮೂರು ಮೆಟ್ಟಿಲು ಕೆಳಗಿದೆ. ವೈಟ್‌ಫೀಲ್ಡ್‌ವರೆಗೆ ಬಲಗಿವಿ ನೋಯಲಿಲ್ಲ.

ಹೊಸ ತೊಂದರೆ ಒಂದಿದೆ. ಕಿವಿ ಪೂರ್ತಿ ಮುಚ್ಚಿದ ಮೇಲೆ ತಂತಿ ಅಂಗಿಗೆ ಉಜ್ಜುವ ಸದ್ದು ಕಿವಿಯೊಳಗೆ ದಬದಬ ಎನ್ನುತ್ತದೆ. ನಡೆಯುವಾಗ ಬಹಳ. ಇದಕ್ಕೇನು ಮಾಡುವುದು?

ಶಿರಸಿಯಿಂದ:
ತಂತಿಯನ್ನು ಕೆಳಗೆ ಇಳಿಬಿಡದೆ ಕಿವಿಯ ಮೇಲಿನಿಂದ ಹಿಂದಕ್ಕೆ ಸುತ್ತಿ ತನ್ನಿ. ಗಲ್ಲದ ಕೆಳಗೆ ಜಾರುವ ಗುಂಡಿಯಿದ್ದರೆ ಬಿಗಿಯಾಗಿ ಮೇಲಕ್ಕೇರಿಸಿ. ಇಲ್ಲವಾದರೆ ಅಂಗಿಯ ಕಾಲರಿಗೆ ಒಂದು ಕ್ಲಿಪ್ ಸಾಕು. ರಸ್ತೆ ದಾಟುವಾಗ ಮಾತ್ರ ಒಂದು ಕಿವಿಯದನ್ನು ತೆಗೆದುಬಿಡಿ, ಹೀಗೆ ಮುಚ್ಚಿದ ಕಿವಿಗೆ ಹಾರ್ನ್ ಕೇಳಿಸುವುದಿಲ್ಲ.

ಕೆಂಗೇರಿಯಿಂದ:
ಸುತ್ತಿದೆ. ಸದ್ದು ನಿಂತಿತು.