ಓಡುವಾಗ ಇಯರ್‌ಬಡ್ ಜಾರುವುದೇಕೆ?

ಪ್ರಶ್ನೆ: ಮೇಡಂ, ನೀವು ಇಯರ್‌ಬಡ್ ಡಿಸೈನ್ ಮಾಡುವ ಕೆಲಸದಲ್ಲಿದ್ದೀರಿ ಅಂದಿರಿ, ಅದಕ್ಕೇ ಕೇಳುತ್ತಿದ್ದೇನೆ. ಸುಮ್ನೆ ಕೂತಾಗ ನನ್ನ ಇಯರ್‌ಬಡ್ ಗಟ್ಟಿಯಾಗಿ ಕೂರುತ್ತದೆ. ಓಡಲು ಶುರು ಮಾಡಿ ಹತ್ತು ಹದಿನೈದು ನಿಮಿಷಕ್ಕೆ ಎಡಗಡೆಯದು ಜಾರುತ್ತದೆ, ಬಲಗಡೆಯದಕ್ಕೆ ಏನೂ ಆಗುವುದಿಲ್ಲ. ದೊಡ್ಡ ಸಿಲಿಕೋನ್ ಟಿಪ್ ಹಾಕಿ ನೋಡಿದೆ. ಈಗ ಹೆಜ್ಜೆ ಇಟ್ಟಾಗಲೆಲ್ಲ ತಲೆಯೊಳಗೆ ದಬ್ ದಬ್ ಅನ್ನುತ್ತದೆ. ಸ್ಪೋರ್ಟ್ಸ್ ಇಯರ್‌ಬಡ್ ಅಂತ ಮಾರುತ್ತಾರಲ್ಲ, ಅದರಲ್ಲಿ ನಿಜವಾಗಿ ಏನಾದರೂ ಬೇರೆ ಇರುತ್ತದಾ, ಬರೀ ಹೆಸರಾ?

ಉತ್ತರ: ಒಳ್ಳೆಯದರಲ್ಲಿ ಇರುತ್ತದೆ. ಮೊದಲು ಒಂದು ಕೆಲಸ ಮಾಡಿ. ಕಿರುಬೆರಳನ್ನು ಕಿವಿಯ ತೂತಿನಲ್ಲಿ ಹಗುರವಾಗಿ ಇಟ್ಟು ಬಾಯಿ ತೆರೆದು ಮುಚ್ಚಿ. ಒಳಗಿನ ಗೋಡೆ ಅಲುಗುವುದು ಗೊತ್ತಾಗುತ್ತದೆ, ಅಲ್ವಾ? ದವಡೆಯ ಕೀಲು ಅಲ್ಲೇ ಪಕ್ಕದಲ್ಲಿದೆ. ಓಡುವಾಗ ಬಾಯಲ್ಲಿ ಉಸಿರಾಡುತ್ತೀರಿ, ಜೊತೆಗೆ ಬೆವರು ಇಳಿಯುತ್ತದೆ. ಟಿಪ್ ಚೂರು ಚೂರೇ ಹೊರಗೆ ಬರುತ್ತದೆ. ದೊಡ್ಡ ಟಿಪ್ ತುರುಕಿದರೆ ಕಿವಿ ನೋಯುತ್ತದೆ, ಅಷ್ಟೇ.

ಅದಕ್ಕೇ ಓಟದ ಇಯರ್‌ಬಡ್‌ನಲ್ಲಿ ಹಿಡಿತದ ಕೆಲಸವನ್ನು ಟಿಪ್ ಒಂದಕ್ಕೇ ಬಿಡುವುದಿಲ್ಲ. ಕಿವಿಯ ಹೊರಗಿನ ಬಟ್ಟಲಿನಂಥ ಭಾಗದ ಅಂಚಿಗೆ ಸಿಕ್ಕಿಕೊಳ್ಳುವ ಮೆತ್ತನೆಯ ರೆಕ್ಕೆ ಕೊಡುತ್ತೇವೆ. ಇಲ್ಲವೇ ಕಿವಿಯ ಮೇಲಿಂದ ಹಿಂದಕ್ಕೆ ಸುತ್ತುವ ಕೊಕ್ಕೆ. ಇನ್ನು ಭಾರ. ಭಾರವೆಲ್ಲ ಹೊರಗಡೆ ಇದ್ದರೆ ಪ್ರತಿ ಹೆಜ್ಜೆಗೂ ಅದು ಸನ್ನೆಕೋಲಿನ ಹಾಗೆ ಟಿಪ್ಪನ್ನು ಮೀಟುತ್ತದೆ. ಹಾಗಾಗಿ ಬ್ಯಾಟರಿಯನ್ನು ಆದಷ್ಟು ಒಳಕ್ಕೆ ತಳ್ಳುತ್ತೇವೆ. ಆಂಟೆನಾದ್ದು ತದ್ವಿರುದ್ಧ, ಅದು ಚರ್ಮದಿಂದ ದೂರ ಹೊರಗಡೆಯೇ ಇರಬೇಕು. ಚೂರು ಜಾಗಕ್ಕೆ ನಮ್ಮಲ್ಲಿ ಜಾಸ್ತಿ ಜಗಳ ಆಗುವುದು ಇಲ್ಲೇ.

ದಬ್ ದಬ್ ಸದ್ದು ಬರುವುದು ಹೊರಗಿಂದಲ್ಲ. ಪಾದ ನೆಲಕ್ಕೆ ಬಡಿದ ಪೆಟ್ಟು ಮೂಳೆಯ ಮೂಲಕ ಏರಿ ಕಿವಿಯ ಒಳಗೋಡೆಯನ್ನು ಅಲುಗಿಸುತ್ತದೆ. ತೂತು ತೆರೆದಿದ್ದರೆ ಆ ಸದ್ದು ಹೊರಗೆ ಹೋಗಿಬಿಡುತ್ತದೆ. ಬಿರಡೆ ಹಾಕಿದ ಹಾಗೆ ಮುಚ್ಚಿದರೆ ಕಿವಿತಮಟೆಗೇ ಬಡಿಯುತ್ತದೆ. ಕೆಲವು ಇಯರ್‌ಬಡ್‌ಗಳಲ್ಲಿ ಗಾಳಿಯಾಡಲು ಸಣ್ಣ ಕಿಂಡಿ ಇಡುವುದು ಇದಕ್ಕೇ. ಕಿವಿ ಮುಚ್ಚದೆ ಹೊರಗೇ ಕೂರುವವೂ ಇವೆ. ಅವುಗಳಲ್ಲಿ ಬೇಸ್ ಕಡಿಮೆ, ಆದರೆ ಹಿಂದಿನಿಂದ ಬರುವ ಗಾಡಿ ಕೇಳಿಸುತ್ತದೆ. ರಸ್ತೆಯಲ್ಲಿ ಓಡುವವರಿಗೆ ನಾನು ಹೇಳುವುದು ಅದನ್ನೇ.

ಎರಡು ಕಿವಿ ಒಂದೇ ಅಳತೆ ಇರಬೇಕೆಂದಿಲ್ಲ. ಒಂದಕ್ಕೆ ಮೀಡಿಯಂ, ಇನ್ನೊಂದಕ್ಕೆ ಸ್ಮಾಲ್ ಹಾಕಿದರೆ ತಪ್ಪೇನೂ ಇಲ್ಲ. ನಾನೂ ಹಾಗೇ ಹಾಕುವುದು.

ಇನ್ನೊಬ್ಬರು: ನನ್ನದಕ್ಕೆ ಐಪಿಎಕ್ಸ್7 ಅನ್ನುವ, ನೀರು ತಡೆಯುವ ರೇಟಿಂಗ್ ಇದೆ. ನೀರಲ್ಲಿ ಬಿದ್ದರೂ ಏನೂ ಆಗಲ್ಲ ಅಂದಿದ್ದರು. ಆರೇ ತಿಂಗಳಲ್ಲಿ ಒಂದು ಕಡೆ ಚಾರ್ಜ್ ಆಗುವುದು ನಿಂತಿತು!

ಉತ್ತರ: ಐಪಿಎಕ್ಸ್7 ಅಂದರೆ 1 ಮೀಟರ್ ಆಳದ ನೀರಲ್ಲಿ 30 ನಿಮಿಷ. ಅದು ಸಿಹಿನೀರು. ಬೆವರಲ್ಲಿ ಉಪ್ಪಿದೆ. ಬೆವರು ಒರೆಸದೆ ಕೇಸಿಗೆ ಹಾಕಿದರೆ ಚಾರ್ಜಿಂಗ್ ಬಿಂದುಗಳ ನಡುವೆ ಉಪ್ಪುನೀರು, ಅದರ ಮೇಲೆ ಕರೆಂಟ್. ಲೋಹ ತಿಂದುಹೋಗುತ್ತದೆ. ಬಿಂದುಗಳನ್ನು ಬೆಳಕಿಗೆ ಹಿಡಿದು ನೋಡಿ, ಹಸಿರು ಅಥವಾ ಕಪ್ಪು ಕಲೆ ಇದ್ದರೆ ಇದೇ ಕಾರಣ. ಕೇಸಿಗೆ ಎಷ್ಟೋ ಸಲ ಯಾವ ರೇಟಿಂಗೂ ಇರುವುದಿಲ್ಲ, ಡಬ್ಬಿಯ ಮೇಲೆ ಬರೆದದ್ದು ಬಡ್‌ಗೆ ಮಾತ್ರ. ಓಡಿ ಬಂದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಹೊರಗೇ ಇಟ್ಟು, ಆಮೇಲೆ ಕೇಸಿಗೆ ಹಾಕಿ. ಬಡ್‌ನಲ್ಲಿ ಸದ್ದು ಬರುವ ಜಾಲರಿಗೆ ಮಾತ್ರ ಪಿನ್ನು ಚುಚ್ಚಬೇಡಿ, ನೀರು ತಡೆಯುವುದೇ ಅದು.

ಅಂದಹಾಗೆ, ಬೆವರಿನ ಬೆರಳಿಗೆ ಟಚ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಬಟನ್ ಇರುವುದನ್ನೇ ತಗೊಳ್ಳಿ.

ಮತ್ತೊಬ್ಬರು: ನನಗೆ ಫೋನ್ ಎಡಜೇಬಲ್ಲಿದ್ದರೆ ಹಾಡು ತುಂಡು ತುಂಡಾಗುತ್ತದೆ, ಬಲಕ್ಕಿಟ್ಟರೆ ಸರಿ. ಭ್ರಮೆನಾ?

ಉತ್ತರ: ಭ್ರಮೆ ಅಲ್ಲ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಆ ಅಲೆಗಳನ್ನು ನೀರು ಚೆನ್ನಾಗಿ ಹೀರುತ್ತದೆ, ನಮ್ಮ ಮೈ ಹೆಚ್ಚುಕಡಿಮೆ ನೀರೇ. ಕೆಲವು ಜೋಡಿಗಳಲ್ಲಿ ಫೋನಿನ ಜೊತೆ ಮಾತಾಡುವುದು ಒಂದೇ ಬಡ್, ಇನ್ನೊಂದು ಅದರಿಂದ ಪಡೆಯುತ್ತದೆ. ನಿಮ್ಮದು ಬಲಗಡೆಯದು ಇರಬೇಕು. ತೋಳಿಗೆ ಕಟ್ಟುವ ಪಟ್ಟಿ ಇದ್ದರೆ ಬಲತೋಳಿಗೆ ಕಟ್ಟಿ.

ಮೊದಲು ಕೇಳಿದವರು: ಎಡಕ್ಕೆ ಹಳೇ ಟಿಪ್ಪನ್ನೇ ಹಾಕಿ, ರೆಕ್ಕೆ ಮಾತ್ರ ದೊಡ್ಡದು ಮಾಡಿ ಓಡಿ ಬಂದೆ. ಅರ್ಧ ಗಂಟೆ ಜಾರಲಿಲ್ಲ. ದಬ್ ದಬ್ ಇನ್ನೂ ಸ್ವಲ್ಪ ಇದೆ.