ಅದಿರು ದೂಳಿನ ಕಣಗಳಿಂದ ಬೆಳಕಿನ ಚದುರುವಿಕೆ: ಲೆಕ್ಕಾಚಾರ ಬೇಗ ಮುಗಿಸುವುದು ಹೇಗೆ?

ಕುಂದವಾಡ ಕೆರೆ, ದಾವಣಗೆರೆ

ಭೀಮಸಮುದ್ರದ ಕಡೆ ಅದಿರು ಲಾರಿಗಳು ಓಡಾಡುವ ರಸ್ತೆಯಂಚಿನ ಅಡಿಕೆ ಸೋಗೆಗಳ ಮೇಲೆ ಕೂರುವ ಕೆಂಪು ದೂಳು ನನ್ನ ಸಂಶೋಧನೆಯ ವಸ್ತು. ಈ ಕಣಗಳು 0.55 ಮೈಕ್ರಾನ್ ತರಂಗಾಂತರದ ಹಸಿರು ಬೆಳಕನ್ನು ಯಾವ ದಿಕ್ಕಿಗೆ ಎಷ್ಟು ಚದುರಿಸುತ್ತವೆ ಎಂಬ ಲೆಕ್ಕ ಬೇಕು. ಕಣವನ್ನು ಜಾಲರಿಯಂತೆ ಜೋಡಿಸಿದ ಪುಟ್ಟ ವಿದ್ಯುತ್ ದ್ವಿಧ್ರುವಗಳ (ಡೈಪೋಲ್‌ಗಳ) ರಾಶಿ ಎಂದು ಭಾವಿಸುವ ಡೈಪೋಲ್ ವಿಧಾನದ ಎಡಿಡಿಎ ತಂತ್ರಾಂಶ ಬಳಸುತ್ತಿದ್ದೇನೆ. ಕಣದ ತ್ರಿಜ್ಯ 2 ಮೈಕ್ರಾನ್, ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಪ್ರಮಾಣ) 1.55, ವ್ಯಾಸದುದ್ದಕ್ಕೆ 280 ಡೈಪೋಲ್‌ಗಳು. ಮನೆಯ ಡೆಸ್ಕ್‌ಟಾಪ್‌ನಲ್ಲಿ ಕಣದ ಒಂದು ಭಂಗಿಯ (ಬೆಳಕಿಗೆ ಎದುರಾಗಿ ಅದು ತಿರುಗಿರುವ ರೀತಿಯ) ಲೆಕ್ಕಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ಸರಾಸರಿಗೆ ನೂರಾರು ಭಂಗಿಗಳು ಬೇಕು. ನಡುವೆ ಕರೆಂಟ್ ಹೋದರೆ ಎಲ್ಲವೂ ಮೊದಲಿನಿಂದ. ಜಿಪಿಯು (ಗ್ರಾಫಿಕ್ಸ್) ಕಾರ್ಡ್ ಕೊಳ್ಳದೆ ಬೇರೆ ದಾರಿ ಇಲ್ಲವೇ?

ಜೋಗಿಮಟ್ಟಿ

ಎಡಿಡಿಎಯ ಓಪನ್‌ಸಿಎಲ್ ಆವೃತ್ತಿ ಜಿಪಿಯು ಮೇಲೆ ಓಡುತ್ತದೆ. ಆದರೆ ಲೆಕ್ಕದ ದೊಡ್ಡ ಭಾಗ ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಹಿಡಿಸಬೇಕು. 280ರ ಜಾಲರಿಗೆ ಅಗ್ಗದ ಕಾರ್ಡು ಸಾಲದು. ಪ್ರತಿ ಭಂಗಿಯನ್ನೂ ಬೇರೆ ಕೆಲಸವಾಗಿ ಓಡಿಸಿ, ಫಲಿತಾಂಶವನ್ನು ಆಗಿಂದಾಗಲೇ ಉಳಿಸಿಕೊಳ್ಳಿ. ಆಗ ಕರೆಂಟ್ ಹೋದರೂ ನಷ್ಟ ಒಂದೇ ಭಂಗಿಯದು.

ಚಂದ್ರವಳ್ಳಿ, ಚಿತ್ರದುರ್ಗ

ದಯವಿಟ್ಟು ಈಗಲೇ ಕಾರ್ಡಿಗೆ ಹಣ ಹಾಕಬೇಡಿ. 280 ಎಂಬ ಸಂಖ್ಯೆಯನ್ನು ಮೊದಲು ನೋಡಿ. ಕಣದೊಳಗೆ ಬೆಳಕಿನ ತರಂಗಾಂತರ 0.55 ಭಾಗಿಸು 1.55, ಅಂದರೆ ಸುಮಾರು 0.355 ಮೈಕ್ರಾನ್. ಅಷ್ಟು ಉದ್ದಕ್ಕೆ 10 ಡೈಪೋಲ್ ಇರಲಿ ಎಂಬುದು ರೂಢಿಯ ನಿಯಮ. ಹಾಗಾದರೆ 4 ಮೈಕ್ರಾನ್ ವ್ಯಾಸಕ್ಕೆ 113 ಸಾಕು. ಮೂರೂ ದಿಕ್ಕುಗಳಲ್ಲಿ ಜಾಲರಿ ತೆಳುವಾಗುವುದರಿಂದ ಡೈಪೋಲ್‌ಗಳ ಸಂಖ್ಯೆ ಸುಮಾರು 15 ಪಟ್ಟು ಇಳಿಯುತ್ತದೆ, ಮೆಮೊರಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ನಿಖರತೆ ಉಳಿಯಿತೇ ಎಂಬುದನ್ನು ನಂಬಿಕೆಗೆ ಬಿಡಬೇಕಿಲ್ಲ. ಅದೇ ತ್ರಿಜ್ಯದ ಗೋಳವನ್ನು 113ರ ಜಾಲರಿಯಲ್ಲಿ ಓಡಿಸಿ, ಗೋಳ ಬೆಳಕನ್ನು ಚದುರಿಸುವ ಬಗೆಗಿನ 1908ರ ಮೀ ಸಿದ್ಧಾಂತದ ಉತ್ತರದೊಂದಿಗೆ ಹೋಲಿಸಿ. ಗೋಳಕ್ಕೆ ಮೀ ಉತ್ತರ ನಿಖರ, ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತದೆ. ನಿಮ್ಮ ಜಾಲರಿಯ ದೋಷ ಎಷ್ಟೆಂದು ಅಲ್ಲೇ ಕಾಣುತ್ತದೆ.

ಆ ದೋಷ ಶೇ. 1ರ ಆಸುಪಾಸಿನಲ್ಲಿದ್ದರೆ, ಸಮೀಕರಣವನ್ನು ಲಕ್ಷದಲ್ಲಿ ಒಂದು ಭಾಗದ ನಿಖರತೆಗೆ ಬಿಡಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ. ಎಡಿಡಿಎ ತಾನಾಗಿ ಅಷ್ಟು ಬಿಗಿಯಾಗಿರುತ್ತದೆ. ಸಾವಿರದಲ್ಲಿ ಒಂದಕ್ಕೆ ಸಡಿಲಿಸಿ, ಉತ್ತರ ಬದಲಾಗುತ್ತದೆಯೇ ನೋಡಿ. ಉತ್ತರದತ್ತ ಹಂತಹಂತವಾಗಿ ಸಾಗುವ ಪುನರಾವರ್ತನೆಗಳು ಗಣನೀಯವಾಗಿ ಕಡಿಮೆಯಾಗುತ್ತವೆ.

ಈ ವಿಧಾನದ ಬಗ್ಗೆ ನನಗೆ ಬಹಳ ಪ್ರೀತಿ, ಆದ್ದರಿಂದ ಒಂದು ಮಾತು ಹೆಚ್ಚು ಹೇಳುತ್ತೇನೆ. 1973ರಲ್ಲಿ ಪರ್ಸೆಲ್ ಮತ್ತು ಪೆನಿಪ್ಯಾಕರ್ ಇದನ್ನು ನಕ್ಷತ್ರಗಳ ನಡುವಿನ ದೂಳಿಗಾಗಿ ರೂಪಿಸಿದರು. ಪ್ರತಿ ಡೈಪೋಲ್ ಉಳಿದೆಲ್ಲವುಗಳ ಪ್ರಭಾವಕ್ಕೆ ಒಳಗಾಗುವುದರಿಂದ ಲೆಕ್ಕ ಡೈಪೋಲ್‌ಗಳ ಸಂಖ್ಯೆಯ ವರ್ಗದಂತೆ ಬೆಳೆಯುತ್ತಿತ್ತು. ಆದರೆ ಸಮ ಜಾಲರಿಯಲ್ಲಿ ಎರಡು ಡೈಪೋಲ್‌ಗಳ ನಡುವಿನ ಪ್ರಭಾವ ನಿರ್ಧಾರವಾಗುವುದು ಅವು ಒಂದರಿಂದೊಂದು ಯಾವ ದಿಕ್ಕಿಗೆ ಎಷ್ಟು ದೂರ ಇವೆ ಎಂಬುದರಿಂದ ಮಾತ್ರ. 1991ರಲ್ಲಿ ಗುಡ್‌ಮನ್, ಡ್ರೇನ್, ಫ್ಲಾಟೌ ಇದನ್ನೇ ಹಿಡಿದು ಇಂಥ ಲೆಕ್ಕಗಳನ್ನು ಒಟ್ಟಾಗಿ ಬೇಗ ಮುಗಿಸುವ ಗಣಿತ ತಂತ್ರವಾದ ಫಾಸ್ಟ್ ಫೂರಿಯೆ ಪರಿವರ್ತನೆಯನ್ನು ತಂದರು. ಇಂದು ನಿಮ್ಮ ಡೆಸ್ಕ್‌ಟಾಪ್ ಲಕ್ಷಾಂತರ ಡೈಪೋಲ್‌ಗಳನ್ನು ನಿಭಾಯಿಸುತ್ತಿರುವುದು ಅವರಿಂದ. ಈ ಪರಿವರ್ತನೆಗೆ ಮೆಮೊರಿಯ ವೇಗವೇ ಮಿತಿ, ಹಾಗಾಗಿ ನಾಲ್ಕು ಕೋರ್ ಕೂಡಿಸಿದರೆ ನಾಲ್ಕು ಪಟ್ಟು ವೇಗ ಬರುತ್ತದೆಂದು ಎಣಿಸಬೇಡಿ.

ಇನ್ನು ಭಂಗಿಗಳ ಸರಾಸರಿ. ನಿಮ್ಮ ಸಮಯ ತಿನ್ನುತ್ತಿರುವುದು ಇದೇ. ಡೈಪೋಲ್ ವಿಧಾನದಲ್ಲಿ ಬೆಳಕಿನ ದಿಕ್ಕಿಗೆ ಎದುರಾಗಿ ಕಣ ಹೊರಳಿದಾಗಲೆಲ್ಲ ಸಮೀಕರಣವನ್ನು ಹೊಸದಾಗಿ ಬಿಡಿಸಬೇಕು. 1965ರಲ್ಲಿ ವಾಟರ್‌ಮನ್ ಕೊಟ್ಟ ಟಿ-ಮ್ಯಾಟ್ರಿಕ್ಸ್ ವಿಧಾನ (ಕಣ ಬೆಳಕನ್ನು ಚದುರಿಸುವ ರೀತಿಯನ್ನೆಲ್ಲ ಒಂದೇ ಅಂಕಿಕೋಷ್ಟಕದಲ್ಲಿ ಹಿಡಿಯುವಂಥದು) ಹಾಗಲ್ಲ. ಮ್ಯಾಟ್ರಿಕ್ಸ್ ಒಮ್ಮೆ ಸಿಕ್ಕಿದರೆ ಎಲ್ಲ ಭಂಗಿಗಳ ಸರಾಸರಿ ಸೂತ್ರದಿಂದಲೇ ಬರುತ್ತದೆ. ಕಣವನ್ನು ಹೆಚ್ಚು ಚಪ್ಪಟೆಯಲ್ಲದ ದೀರ್ಘವೃತ್ತಜ (ಎಳೆದ ಇಲ್ಲವೇ ಅದುಮಿದ ಗೋಳ) ಎಂದು ಒಪ್ಪಿಕೊಂಡರೆ ಈ ಗಾತ್ರಕ್ಕೆ ಅದೇ ಸರಿಯಾದ ಆಯುಧ. ಎಲ್ಲ ಗಾತ್ರಗಳನ್ನೂ ಅದರಲ್ಲಿ ಮುಗಿಸಿ. ಒರಟು ಮೂಲೆಗಳ ಕಣಗಳನ್ನು ಮಾತ್ರ, ಆಯ್ದ ಕೆಲವು ಗಾತ್ರಗಳಲ್ಲಿ, ಎಡಿಡಿಎಗೆ ಕೊಡಿ.

ಕುಂದವಾಡ ಕೆರೆ, ದಾವಣಗೆರೆ

ಗೋಳದ ಪರೀಕ್ಷೆ ಇಂದೇ ಮಾಡುತ್ತೇನೆ. ಇನ್ನೊಂದು ಪ್ರಶ್ನೆ: ಕೆಂಪು ಬಣ್ಣಕ್ಕೆ ಹೆಮಟೈಟ್ ಎಂಬ ಕಬ್ಬಿಣದ ಅದಿರು ಕಾರಣ, ಅದರ ವಕ್ರೀಭವನಾಂಕ 3ರ ಸಮೀಪ. ಇಡೀ ಕಣಕ್ಕೆ 3 ಹಾಕಬಹುದೇ?

ಚಂದ್ರವಳ್ಳಿ, ಚಿತ್ರದುರ್ಗ

ಬೇಡ. ರಸ್ತೆ ದೂಳಿನಲ್ಲಿ ಹೆಮಟೈಟ್ ಜತೆಗೆ ಸ್ಫಟಿಕಶಿಲೆ, ಜೇಡಿ ಎಲ್ಲವೂ ಬೆರೆತಿರುತ್ತವೆ. ಎಡಿಡಿಎಯಲ್ಲಿ ಕಣದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ವಕ್ರೀಭವನಾಂಕ ಕೊಡಬಹುದು, ಈ ವಿಧಾನದ ನಿಜವಾದ ಬಲ ಅದು. ಹೆಮಟೈಟ್ ತುಣುಕುಗಳನ್ನು ಅಲ್ಲಲ್ಲಿ ಕೂರಿಸಿ, ಬೆಳಕನ್ನು ಹೀರುವುದನ್ನು ಸೂಚಿಸುವ, ಅದರ ವಕ್ರೀಭವನಾಂಕದ ಕಾಲ್ಪನಿಕ ಭಾಗವನ್ನೂ ಸೇರಿಸಿ. ಆದರೆ ವಕ್ರೀಭವನಾಂಕ 3 ಇದ್ದಲ್ಲಿ ಡೈಪೋಲ್ ಅಂತರ 18 ನ್ಯಾನೋಮೀಟರ್‌ಗೆ ಇಳಿಯಬೇಕು, ಪುನರಾವರ್ತನೆಯೂ ನಿಧಾನವಾಗುತ್ತದೆ. ಆದ್ದರಿಂದ 1 ಮೈಕ್ರಾನ್ ತ್ರಿಜ್ಯದ ಕಣದಿಂದ ಶುರುಮಾಡಿ. ಜಾಲರಿ ಆಗಲೂ ವ್ಯಾಸಕ್ಕೆ 110ರ ಆಸುಪಾಸಿನಲ್ಲೇ ಇರುತ್ತದೆ, ನಿಮ್ಮ ಡೆಸ್ಕ್‌ಟಾಪ್‌ಗೆ ಅದು ಭಾರವಲ್ಲ.