ಕಣ್ಣಿನ ಪಕ್ಕಕ್ಕೆ ಗುದ್ದಿಕೊಳ್ಳುವ ಮಗನಿಗೆ ಅರಿವಳಿಕೆ ಕೊಟ್ಟು ಪರೀಕ್ಷೆ ಮಾಡಿಸಬೇಕೇ?

ಪ್ರಶ್ನೆ: ಬಾಗಲಕೋಟೆಯ ಒಬ್ಬ ತಂದೆ
ನಮ್ಮ ಮಗನಿಗೆ 9 ವರ್ಷ. ಆಟಿಸಂ ಇದೆ, ಮಾತು ಬಂದಿಲ್ಲ. ಸಿಟ್ಟು ಬಂದಾಗ ಮುಷ್ಟಿಯಿಂದ ಬಲಗಣ್ಣಿನ ಪಕ್ಕಕ್ಕೆ ಗುದ್ದಿಕೊಳ್ಳುವುದು ಮೊದಲಿನಿಂದಲೂ ಇದೆ. ಆದರೆ ಈಚೆಗೆ ಮೊಬೈಲನ್ನು ಎಡಗಣ್ಣಿಗೆ ಹತ್ತಿರ ಹಿಡಿದು ನೋಡುತ್ತಾನೆ. ನಮ್ಮವಳು ಮುಖ ಒರೆಸುವಾಗ ಟವೆಲ್ ಎಡಗಣ್ಣಿಗೆ ಅಡ್ಡ ಬಂದರೆ ಕೊಸರಾಡುತ್ತಾನೆ, ಬಲಗಣ್ಣಿಗೆ ಬಂದರೆ ಸುಮ್ಮನಿರುತ್ತಾನೆ. ಬ್ಯಾಟರಿ ಹಾಕಿ ನೋಡಿದ ವೈದ್ಯರು ಕಣ್ಣು ಕೆಂಪಾಗಿಲ್ಲ, ಚಿಂತೆ ಬೇಡ ಎಂದರು. ಅರಿವಳಿಕೆ ಕೊಡಿಸಿ ಕಣ್ಣು ಪರೀಕ್ಷೆ ಮಾಡಿಸಲು ಮನೆಯ ಹಿರಿಯರು ಒಪ್ಪುತ್ತಿಲ್ಲ.

ಉತ್ತರ: ಬೆಳಗಾವಿಯ ನೇತ್ರವೈದ್ಯೆ
ಮಾಡಿಸಬೇಕು, ಅದೂ ಈ ವಾರದಲ್ಲೇ. ಬ್ಯಾಟರಿಯ ಬೆಳಕಿಗೆ ಕಾಣುವುದು ಕಣ್ಣಿನ ಮುಂಭಾಗವಷ್ಟೇ. ಪದೇ ಪದೇ ಬೀಳುವ ಪೆಟ್ಟಿನಿಂದ ಕಣ್ಣಿನ ಮಸೂರಕ್ಕೆ ಪೊರೆ ಬರಬಹುದು ಅಥವಾ ಅದು ಜಾಗ ತಪ್ಪಬಹುದು. ಅದಕ್ಕಿಂತ ಅಪಾಯಕಾರಿಯಾದದ್ದು, ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ) ಹರಿದು, ಆ ಹರಿಕಿನಿಂದ ದ್ರವ ಹಿಂದಕ್ಕೆ ಸೇರಿ, ಇಡೀ ಪದರವೇ ಕಳಚಿಕೊಳ್ಳುವುದು. ರೆಟಿನಾಕ್ಕೆ ನೋವು ತಿಳಿಯುವುದಿಲ್ಲವಾದ್ದರಿಂದ ಕಣ್ಣು ಕೆಂಪಾಗದೆ, ಮಗು ಅಳದೆ, ದೃಷ್ಟಿ ಹೋಗಿಬಿಡಬಹುದು. ಟವೆಲಿನ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿರಿ: ಚೆನ್ನಾಗಿ ಕಾಣುವ ಕಣ್ಣಿಗೆ ಅಡ್ಡ ಬಂದರೆ ಮಗು ಕೊಸರಾಡುತ್ತದೆ, ಕಾಣದ ಕಣ್ಣಿಗೆ ಬಂದರೆ ಸುಮ್ಮನಿರುತ್ತದೆ. ಮಾತಾಡದ ಮಕ್ಕಳಲ್ಲಿ ಒಂದು ಕಣ್ಣಿನ ದೃಷ್ಟಿ ಕುಂದಿರುವುದನ್ನು ನಾವು ಗುರುತಿಸುವುದೇ ಹಾಗೆ.

ಔಷಧ ಬಿಟ್ಟು ಪಾಪೆ ಅಗಲಿಸಿ ಎರಡೂ ಕಣ್ಣುಗಳನ್ನು ನೋಡಬೇಕು. ಪೊರೆ ದಟ್ಟವಾಗಿದ್ದರೆ ಕಣ್ಣಿನ ಸ್ಕ್ಯಾನಿಂಗ್ ನೆರವಾಗುತ್ತದೆ. ಎಚ್ಚರವಿರುವಾಗ ಸಹಕರಿಸದ ಮಗುವಿಗೆ ಅರಿವಳಿಕೆಯೇ ದಾರಿ, ಮತ್ತು ಅದೇ ವೇಳೆ ಈಗ ಕಾಣುತ್ತಿರುವ ಎಡಗಣ್ಣಿನಲ್ಲೂ ಸಣ್ಣ ಹರಿಕು ಕಂಡರೆ ಲೇಸರ್‌ನಿಂದ ಸುತ್ತಲೂ ಭದ್ರಪಡಿಸಲೂಬಹುದು.

ಉತ್ತರ: ವಿಜಯಪುರದ ಒಬ್ಬ ತಾಯಿ
ಅಣ್ಣಾವ್ರೇ, ನನ್ನ ಮಗಳಿಗೂ ರೆಟಿನಾ ಶಸ್ತ್ರಚಿಕಿತ್ಸೆಯಾಗಿದೆ. ಕಳಚಿದ ರೆಟಿನಾವನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸ್ ತುಂಬಿದರೆ ದಿನಗಟ್ಟಲೆ ಮುಖ ಕೆಳಗೆ ಮಾಡಿ ಮಲಗಬೇಕಾಗುತ್ತದೆ, ಅದು ಇವಳಿಂದ ಆಗದೆಂದು ಸಿಲಿಕೋನ್ ಎಣ್ಣೆ ಹಾಕಿದರು; ಅದನ್ನು ತೆಗೆಸಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಯಿತು. ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಗುದ್ದಿಕೊಳ್ಳದಿರಲು ಮೊಣಕೈ ಮಡಚದಂತೆ ಪಟ್ಟಿ ಕಟ್ಟುವುದನ್ನು ಆಸ್ಪತ್ರೆಯಲ್ಲೇ ಕೇಳಿ ಕಲಿಯಿರಿ. ಆದರೆ ಗಾಯ ಮಾಗಿದ ಮೇಲೂ ದಿನವಿಡೀ ಕೈ ಕಟ್ಟಿಡುವುದು ನನಗೆ ಒಪ್ಪಿಗೆಯಿಲ್ಲ. ಅರಿವಳಿಕೆಯಲ್ಲಿದ್ದಾಗಲೇ ಹಲ್ಲು, ಕಿವಿಗಳನ್ನೂ ನೋಡಲು ಕೇಳಿಕೊಳ್ಳಿ. ನಮ್ಮಲ್ಲಿ ಹುಳುಕು ಹಲ್ಲು ತೆಗೆಸಿದ ಬಳಿಕ ಹೊಡೆದುಕೊಳ್ಳುವುದು ಬಹಳಷ್ಟು ಇಳಿಯಿತು. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಆಟಿಸಂ ಇರುವವರಿಗೆ ಸಿಗುತ್ತದೆ, ಮಿತಿ ವರ್ಷಕ್ಕೆ 1 ಲಕ್ಷ ರೂಪಾಯಿ.

ಉತ್ತರ: ವಿಶೇಷ ಶಿಕ್ಷಕ, ಜಮಖಂಡಿ
ಕಣ್ಣಿನ ಪರೀಕ್ಷೆ ಮೊದಲು ಆಗಲಿ. ಜೊತೆಗೆ, ಗುದ್ದಿಕೊಳ್ಳುವ ಮುಂಚೆ ಏನು ನಡೆದಿತ್ತು, ಆಮೇಲೆ ಅವನಿಗೆ ಏನು ಸಿಕ್ಕಿತು ಅಥವಾ ಯಾವುದು ತಪ್ಪಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಲಬದ್ಧತೆ, ನಿದ್ದೆಗೇಡು ಇದ್ದ ದಿನಗಳನ್ನೂ ಸೇರಿಸಿ. ಮನೋವೈದ್ಯರು ಸಿಟ್ಟು, ಕೆರಳುವಿಕೆ ತಗ್ಗಿಸುವ ರಿಸ್ಪೆರಿಡೋನ್‌ನಂಥ ಮಾತ್ರೆ ಬರೆಯುವ ಮುನ್ನ ಆ ಪುಟಗಳನ್ನು ಅವರ ಮುಂದಿಡಿ.